ಹದಿನೆಂಟು ತುಂಬಿದವರಿಗೆ ಕಡ್ಡಾಯ ಸೇವೆ: ಬ್ರಿಟನ್ನಿನ 2024ರ ಚುನಾವಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಮೇ ತಿಂಗಳ ಕೊನೆಯ ವಾರ. ಗೆದ್ದರೆ 18 ತುಂಬಿದವರಿಗೆ ಕಡ್ಡಾಯ ಸೇವೆ ತರುತ್ತೇವೆ ಎಂದು ಬ್ರಿಟನ್ನಿನ ಆಡಳಿತ ಪಕ್ಷ ಆಗಷ್ಟೇ ಘೋಷಿಸಿತ್ತು. ಇಂಗ್ಲೆಂಡಿನಲ್ಲಿರುವ ನಮ್ಮ ಮನೆಗೆ ಊರಿನಿಂದ ಒಂದಾದ ಮೇಲೊಂದು ಫೋನ್. "ನಿನ್ನ ಮಗಳನ್ನ ಮಿಲಿಟರಿಗೆ ಕರ್ಕೊಂಡು ಹೋಗ್ತಾರಂತೆ?" ಅಂತ ದೊಡ್ಡಮ್ಮ. "ಒಳ್ಳೇದೇ ಆಯ್ತು ಬಿಡು" ಅಂತ ಭಾವ. ಇಲ್ಲಿನ ಕನ್ನಡದ ಮನೆಗಳಲ್ಲೂ ಅದೇ ಮಾತು. ಆಗಿನಿಂದ ಈವರೆಗೆ ಫೋನಿನಲ್ಲಿ, ಪತ್ರಗಳಲ್ಲಿ, ಹಬ್ಬದ ಊಟದ ಪಂಕ್ತಿಯಲ್ಲಿ ಜನ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಟ್ಟು, ನನಗೆ ತಿಳಿದ ಉತ್ತರ ಬರೆದಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಮೊದಲು ತಿಳಿಯಬೇಕಾದ್ದು

ಅದೇನು ಯೋಜನೆ? ಹದಿನೆಂಟು ಆದವರನ್ನೆಲ್ಲ ಮಿಲಿಟರಿಗೆ ಕಳಿಸೋದಾ?

ಅಲ್ಲ. ಅರ್ಧ ಗದ್ದಲ ಎದ್ದಿದ್ದೇ ಈ ತಪ್ಪು ತಿಳಿವಳಿಕೆಯಿಂದ. ಆಗಿನ ಪ್ರಧಾನಿ ರಿಷಿ ಸುನಕ್ ಅವರ ಕನ್ಸರ್ವೇಟಿವ್ ಪಕ್ಷ ಇದನ್ನು 'ನ್ಯಾಷನಲ್ ಸರ್ವಿಸ್' ಎಂದು ಕರೆಯಿತು. 18 ತುಂಬಿದವರ ಮುಂದೆ ಎರಡು ದಾರಿ. ಒಂದು, ಒಂದು ವರ್ಷ ಪೂರ್ತಿ ಸೇನೆಯಲ್ಲಿ ಕೆಲಸ. ಇದಕ್ಕೆ ಜಾಗ ಇದ್ದದ್ದು ಬರೀ 30,000 ಮಂದಿಗೆ, ಅದೂ ಆಯ್ಕೆ ಪರೀಕ್ಷೆ ದಾಟಿದವರಿಗೆ. ಬಂದೂಕು ಹಿಡಿಯುವುದಕ್ಕಿಂತ ಸೈಬರ್ ಭದ್ರತೆ, ಸರಕು ಸಾಗಣೆ, ಪ್ರವಾಹ ಬಂದಾಗ ನೆರವು, ಇಂಥ ಕೆಲಸಗಳ ಮಾತೇ ಜಾಸ್ತಿ ಇತ್ತು. ಎರಡನೆಯದು, ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ 25 ದಿನ, ಊರಿನಲ್ಲೇ ಸಮಾಜಸೇವೆ. ಆಸ್ಪತ್ರೆ, ಅಗ್ನಿಶಾಮಕ ದಳ, ಪೊಲೀಸ್, ಒಂಟಿ ಮುದುಕರಿಗೆ ಆಸರೆಯಾಗುವ ಸಂಸ್ಥೆಗಳು, ಹೀಗೆ.

ಬ್ರಿಟನ್ನಿನಲ್ಲಿ ವರ್ಷಕ್ಕೆ 18 ತುಂಬುವವರು ಏಳು ಲಕ್ಷಕ್ಕೂ ಜಾಸ್ತಿ. ಅಂದರೆ ಇಪ್ಪತ್ತು ಮಂದಿಯಲ್ಲಿ ಹತ್ತೊಂಬತ್ತು ಜನ ಸೇನೆಯ ಗೇಟನ್ನೂ ನೋಡುತ್ತಿರಲಿಲ್ಲ. ಆದರೆ 'ನ್ಯಾಷನಲ್ ಸರ್ವಿಸ್' ಅಂದ ತಕ್ಷಣ ಇಲ್ಲಿನವರ ಕಣ್ಣ ಮುಂದೆ ಬರುವುದು ಬೂಟು, ಕ್ಷೌರ, ಸಾರ್ಜೆಂಟಿನ ಕೂಗು. ಆ ಹೆಸರನ್ನು ಆರಿಸಿಕೊಂಡವರಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಹುಡುಗಿಯರಿಗೂ ಇತ್ತಾ?

ಇತ್ತು. ಗಂಡು ಹೆಣ್ಣು ಎಂಬ ಭೇದ ಇರಲಿಲ್ಲ. ಹಳೆಯ ಕಾಲದ ಯೋಜನೆಗೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದು.

ಸಂಬಳ ಏನಾದ್ರೂ ಕೊಡ್ತಿದ್ರಾ, ಅಥವಾ ಬಿಟ್ಟಿ ಕೆಲಸಾನಾ?

ಸೇನೆಗೆ ಹೋದವರಿಗೆ ಸಂಬಳ, ವಾರಾಂತ್ಯದ ಸೇವೆಗೆ ಏನೂ ಇಲ್ಲ. ಗೃಹ ಸಚಿವರಾಗಿದ್ದ ಜೇಮ್ಸ್ ಕ್ಲೆವರ್ಲಿ ಇದನ್ನು ಟಿವಿಯಲ್ಲೇ ಹೇಳಿದರು.

ಇಲ್ಲಿನ ಹುಡುಗರ ಬದುಕು ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ತಿಂಗಳಿಗೆ ಎರಡು ದಿನ ತಾನೇ? ಆದರೆ ಇಲ್ಲಿ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ದುಡಿಯುವುದೇ ಶನಿವಾರ ಭಾನುವಾರ. ಸೂಪರ್ ಮಾರ್ಕೆಟ್ಟಿನ ಗಲ್ಲಾ, ಕಾಫಿ ಅಂಗಡಿ, ಹೋಟೆಲಿನ ಪಾತ್ರೆ. ಬಸ್ಸಿನ ಖರ್ಚು, ಬಟ್ಟೆ, ಎಷ್ಟೋ ಮನೆಗಳಲ್ಲಿ ಬಾಡಿಗೆಗೊಂದಿಷ್ಟು ಬರುವುದು ಅದರಿಂದಲೇ. ಉಳ್ಳವರ ಮಗನಿಗೆ ತಿಂಗಳಿಗೊಂದು ವಾರಾಂತ್ಯ ಹೋದರೆ ಆಟ ಹೋಯಿತು. ಇಲ್ಲದವರ ಮಗನಿಗೆ ಕೂಲಿ ಹೋಯಿತು.

ಹೋಗಲ್ಲ ಅಂದ್ರೆ ಜೈಲಿಗೆ ಹಾಕ್ತಿದ್ರಾ?

ಇಲ್ಲ, ಯಾರನ್ನೂ ಜೈಲಿಗೆ ಕಳಿಸುವುದಿಲ್ಲ ಎಂದು ಕ್ಲೆವರ್ಲಿ ಮೊದಲ ದಿನವೇ ಹೇಳಿಬಿಟ್ಟರು. ಹಾಗಾದರೆ ಕಡ್ಡಾಯ ಅಂದರೆ ಏನು? ಈ ಪ್ರಶ್ನೆಗೆ ಇಡೀ ಪ್ರಚಾರದಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಎಲ್ಲವನ್ನೂ ರಾಯಲ್ ಕಮಿಷನ್, ಅಂದರೆ ಉನ್ನತ ತನಿಖಾ ಆಯೋಗ, ನೋಡಿಕೊಳ್ಳುತ್ತದೆ ಎನ್ನುವುದೇ ಸಿದ್ಧ ಉತ್ತರ.

ಜೂನ್ 20ರಂದು ಯಾರ್ಕ್ ನಗರದಲ್ಲಿ ಬಿಬಿಸಿಯ ಪ್ರಶ್ನೋತ್ತರ ಕಾರ್ಯಕ್ರಮ ಇತ್ತು. ಅಲ್ಲಿ ಸುನಕ್ ಅವರನ್ನು ಇದೇ ವಿಷಯಕ್ಕೆ ಹಿಡಿದರು. ಯುರೋಪಿನ ಬೇರೆ ದೇಶಗಳ ಕಡೆ ಕೈ ತೋರಿಸುತ್ತ ಅವರು ಡ್ರೈವಿಂಗ್ ಲೈಸೆನ್ಸ್, ಹಣಕಾಸಿನ ಸೌಲಭ್ಯ ಎಂದೆಲ್ಲ ಹೇಳಿದರು. ಹಾಗಾದರೆ ಬ್ಯಾಂಕ್ ಕಾರ್ಡ್ ಕಿತ್ತುಕೊಳ್ಳುತ್ತೀರಾ ಎಂದು ಕೇಳಿದಾಗ ನಕ್ಕರು. ಮರುದಿನ ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು.

ಈಗ ಜಾರಿಯಲ್ಲಿದೆಯಾ? ನನ್ನ ತಂಗಿ ಮಗ ಅಲ್ಲಿಗೆ ಓದೋಕೆ ಬರ್ತಿದ್ದಾನೆ.

ಇಲ್ಲ. ಧೈರ್ಯವಾಗಿ ಕಳಿಸಿ, ದಪ್ಪ ಕೋಟು ಕೊಡಿಸಿ. 2025ರ ಸೆಪ್ಟೆಂಬರ್‌ನಲ್ಲಿ ಪ್ರಯೋಗಕ್ಕೆ ಶುರು ಮಾಡಿ, ಮುಂದೆ ಕಾನೂನು ತಂದು ಎಲ್ಲರಿಗೂ ಕಡ್ಡಾಯ ಮಾಡುವ ಲೆಕ್ಕಾಚಾರ ಇತ್ತು. 2024ರ ಜುಲೈ 4ರ ಚುನಾವಣೆಯಲ್ಲಿ ಆ ಪಕ್ಷ ಸೋತಿತು. ಯೋಜನೆ ಪ್ರಣಾಳಿಕೆಯ ಪುಟದಲ್ಲೇ ಉಳಿಯಿತು.

ಸುನಕ್ ನಮ್ಮ ನಾರಾಯಣಮೂರ್ತಿಯವರ ಅಳಿಯ ಅಲ್ವಾ? ವಾರಕ್ಕೆ 70 ಗಂಟೆ ದುಡೀರಿ ಅಂದಿದ್ದು ಮಾವನೇ ತಾನೇ?

ಹೌದು, ಹೌದು. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ ಅವರ ಹೆಂಡತಿ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣಮೂರ್ತಿಯವರು ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. ಏಳು ತಿಂಗಳ ನಂತರ ಅಳಿಯ ಹೀಗಂದರು. ಕನ್ನಡದ ವಾಟ್ಸಾಪ್ ಗುಂಪುಗಳು ಈ ಎರಡನ್ನೂ ಗಂಟು ಹಾಕದೆ ಬಿಡುತ್ತವೆಯೇ! ನಕ್ಕು ಮುಂದೆ ಹೋಗಿ. ಇದು ಬ್ರಿಟನ್ನಿನ ಬಲಪಂಥದಲ್ಲಿ ಹಲವು ವರ್ಷಗಳಿಂದ ಸುತ್ತುತ್ತಿದ್ದ ವಿಚಾರ, ಬೆಂಗಳೂರಿನ ಮನೆಯಿಂದ ಹೋದದ್ದಲ್ಲ.

## ಪ್ರಚಾರದ ದಿನಗಳು

ಮಳೆಯಲ್ಲಿ ನೆನೆದು ಭಾಷಣ ಮಾಡಿದ್ದು ಇದೇ ಚುನಾವಣೆಯಲ್ಲಾ?

ಇದೇ. ಮೇ 22ರ ಸಂಜೆ ಸುನಕ್ ಡೌನಿಂಗ್ ಸ್ಟ್ರೀಟಿನ ಪ್ರಧಾನಿ ನಿವಾಸದ ಬಾಗಿಲ ಮುಂದೆ, ಕೊಡೆ ಇಲ್ಲದೆ ನಿಂತು ಚುನಾವಣೆ ಘೋಷಿಸಿದರು. ಕೋಟು ತೊಯ್ದು ತೊಪ್ಪೆಯಾಯಿತು. ಗೇಟಿನ ಹೊರಗೆ ಒಬ್ಬ ಪ್ರತಿಭಟನಾಕಾರ 1997ರಲ್ಲಿ ಎದುರಾಳಿ ಲೇಬರ್ ಪಕ್ಷ ಗೆದ್ದಾಗಿನ ಪ್ರಚಾರಗೀತೆಯನ್ನು ಜೋರಾಗಿ ಹಾಕಿದ್ದ. ಎರಡು ದಿನ ಬಿಟ್ಟು ಬೆಲ್‌ಫಾಸ್ಟ್‌ನಲ್ಲಿ ಟೈಟಾನಿಕ್ ಹಡಗು ಕಟ್ಟಿದ ಜಾಗಕ್ಕೇ ಹೋದರು. ಮುಳುಗುವ ಹಡಗಿನ ಕ್ಯಾಪ್ಟನ್ನಾ ನೀವು ಎಂದು ಪತ್ರಕರ್ತರೊಬ್ಬರು ಕೇಳಿಯೇಬಿಟ್ಟರು. ಅದರ ಮರುದಿನ ರಾತ್ರಿ, ಮೇ 25ರಂದು, ಈ ಕಡ್ಡಾಯ ಸೇವೆಯ ಘೋಷಣೆ ಬಂತು. ಮೂರು ದಿನ ತಮಾಷೆಗೆ ಈಡಾದ ಪ್ರಚಾರಕ್ಕೆ ಒಂದು ಗಟ್ಟಿ ವಿಷಯ ಬೇಕಾಗಿತ್ತು. ಸಿಕ್ಕಿತು, ಆದರೆ ತಮಾಷೆ ನಿಲ್ಲಲಿಲ್ಲ.

ಜನ ನಿಜವಾಗಿ ಏನಂದ್ರು? ಎಲ್ಲರೂ ಬೈದ್ರಾ?

ಎಲ್ಲರೂ ಬೈಯಲಿಲ್ಲ. ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ದೇಶ ಹೆಚ್ಚು ಕಡಿಮೆ ಅರ್ಧಕ್ಕರ್ಧ ಸೀಳಿತ್ತು. ಆ ಗೆರೆ ಬಿದ್ದದ್ದು ವಯಸ್ಸಿನ ಮೇಲೆ. 65 ದಾಟಿದವರಲ್ಲಿ ಬಹುಮತ ಪರವಾಗಿ, 18ರಿಂದ 24ರವರಲ್ಲಿ ದೊಡ್ಡ ಬಹುಮತ ವಿರುದ್ಧವಾಗಿ.

ಹುಡುಗರ ಉತ್ತರ ಬಂದದ್ದು ಟಿಕ್‌ಟಾಕ್‌ನಲ್ಲಿ, ಬಹುಪಾಲು ನಗೆಯ ರೂಪದಲ್ಲಿ. ಫೋನ್ ಹಿಡಿದು ಕಂದಕದಲ್ಲಿ ಕೂತ ಸೈನಿಕ, ಗುಂಡಿನ ಸದ್ದಿನ ನಡುವೆ ಐಸ್ಡ್ ಕಾಫಿ ಹುಡುಕುವವಳು, ಇಂಥವು. ಲೇಬರ್ ಪಕ್ಷವೂ ಈ ಅಲೆ ಹಿಡಿಯಿತು. ನಿಮ್ಮ ಹದಿನೆಂಟನೇ ಹುಟ್ಟುಹಬ್ಬಕ್ಕೆ ಸುನಕ್ ಬಂದು ಯುದ್ಧಕ್ಕೆ ಕಳಿಸುತ್ತಾರೆ ಎನ್ನುವ ಅರ್ಥದ ಒಂದು ವಿಡಿಯೋ ಹಾಕಿ ಲಕ್ಷಾಂತರ ನೋಡುಗರನ್ನು ಗಳಿಸಿತು. ಯುದ್ಧದ ಮಾತು ಯೋಜನೆಯಲ್ಲಿ ಎಲ್ಲೂ ಇರಲಿಲ್ಲ, ನೆನಪಿರಲಿ. ಲೇಬರ್ ನಾಯಕ ಕೀರ್ ಸ್ಟಾರ್ಮರ್ ಅಂತೂ ಇದನ್ನು ಹಳೆಯ ಟಿವಿ ಹಾಸ್ಯದ ಮುದುಕರ ಪಡೆಗೆ ಹೋಲಿಸಿ, ಇದು ಹದಿಹರೆಯದವರ ಆವೃತ್ತಿ ಎಂದು ಗೇಲಿ ಮಾಡಿದರು.

ನಗೆಯ ಕೆಳಗೆ ಸಿಟ್ಟೂ ಇತ್ತು. 2024ರಲ್ಲಿ ಹದಿನೆಂಟಾದವರು ಕೋವಿಡ್ ಬಂದಾಗ ಹದಿನಾಲ್ಕರವರು. ವಯಸ್ಸಾದವರನ್ನು ಕಾಪಾಡಲೆಂದು ಶಾಲೆ, ಆಟ, ಸ್ನೇಹಿತರನ್ನು ಬಿಟ್ಟು ಮನೆಯೊಳಗೆ ಕೂತವರು. ಕಾಲೇಜಿಗೆ ಹೋದರೆ ಆಗ ವರ್ಷಕ್ಕೆ 9,250 ಪೌಂಡ್ ಶುಲ್ಕ, ಹೊರಬಂದರೆ ಕೈಗೆಟುಕದ ಬಾಡಿಗೆ. ಊರೂರಿನ ಯುವಕೇಂದ್ರಗಳು 2010ರ ನಂತರದ ಕಡಿತದಲ್ಲಿ ಒಂದೊಂದಾಗಿ ಮುಚ್ಚಿದ್ದವು. "ಸಮಾಜಕ್ಕೆ ನೀವು ಏನು ಕೊಡುತ್ತೀರಿ?" ಎಂದು ಇಂಥವರನ್ನು ಕೇಳಿದರೆ ಏನು ಉತ್ತರ ಬರುತ್ತದೆ! ನನ್ನ ಮಗಳು ಆಗ ಹದಿನೇಳರವಳು. ಸುದ್ದಿ ಕೇಳಿ, "ಅವರು ನಮಗೆ ಮೊದಲು ಲೈಬ್ರರಿ ವಾಪಸ್ ಕೊಡಲಿ" ಎಂದು ಹೇಳಿ ಮೇಲೆ ಹೋದಳು. ನಮ್ಮ ಬೀದಿಯ ಲೈಬ್ರರಿ ಮುಚ್ಚಿ ಆಗಲೇ ಕೆಲವು ವರ್ಷ ಆಗಿತ್ತು.

ಮಿಲಿಟರಿಯವರಿಗೆ ಖುಷಿ ಆಗಿರಬೇಕಲ್ವಾ?

ಆಗಲಿಲ್ಲ. ಸೇನೆಯ ಮಾಜಿ ಮುಖ್ಯಸ್ಥ ಲಾರ್ಡ್ ಡ್ಯಾನಟ್ ಇದನ್ನು ಚುನಾವಣೆಯ ಅವಕಾಶವಾದ ಎಂದರು. ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ವೆಸ್ಟ್ ಹುಚ್ಚಾಟ ಎಂದುಬಿಟ್ಟರು.

ಕಾರಣ ಸರಳ. ಬ್ರಿಟನ್ನಿನ ಸೇನೆ ಆರು ದಶಕಗಳಿಂದ ವೃತ್ತಿಪರ ಸೇನೆ. 2024ರಲ್ಲಿ ಅದರ ಪೂರ್ಣಾವಧಿ ಸೈನಿಕರು ಸುಮಾರು 73,000. ಪ್ರತಿ ವರ್ಷ 30,000 ಹೊಸ ಹುಡುಗರು ಬಂದರೆ ಅವರಿಗೆ ಮಲಗಲು ಬ್ಯಾರಕ್, ಕಲಿಸಲು ಸಾರ್ಜೆಂಟ್, ಹಾಕಲು ಬೂಟು ಬೇಕು. ಕಲಿಸುವವರು ಎಲ್ಲಿಂದ ಬರಬೇಕು? ಇದ್ದ ಸೈನಿಕರನ್ನೇ ಅವರ ಕೆಲಸದಿಂದ ಬಿಡಿಸಿ ಇದಕ್ಕೆ ಹಾಕಬೇಕು. ಹುಡುಗರು ಕಲಿತು ಕೈಗೆ ಬರುವಷ್ಟರಲ್ಲಿ ಹನ್ನೆರಡು ತಿಂಗಳು ಮುಗಿದು ಮನೆಗೆ ಹೊರಡುತ್ತಾರೆ. ಸೇನೆಗೆ ಬೇಕಾದದ್ದು ಇದ್ದವರು ಬಿಟ್ಟು ಹೋಗದಂತೆ ಒಳ್ಳೆಯ ಮನೆ, ಒಳ್ಳೆಯ ಸಂಬಳ ಎಂದು ನಿವೃತ್ತರು ಹೇಳುತ್ತಲೇ ಇದ್ದರು.

ಅವರ ಪಕ್ಷದವರೇ ವಿರೋಧ ಮಾಡಿದ್ರಂತೆ, ನಿಜಾನಾ?

ನಿಜ. ಉತ್ತರ ಐರ್ಲೆಂಡ್ ಖಾತೆಯ ಸಚಿವ ಸ್ಟೀವ್ ಬೇಕರ್, ಇದು ಸಲಹೆಗಾರರು ಹೆಣೆದು ಅಭ್ಯರ್ಥಿಗಳ ತಲೆ ಮೇಲೆ ಏಕಾಏಕಿ ಹಾಕಿದ ನೀತಿ ಎಂದು ಬಹಿರಂಗವಾಗಿ ಬರೆದರು. ಅವರ ಖಾತೆಯ ಮಟ್ಟಿಗೆ ಇದು ಸುಮ್ನೆ ಸಿಟ್ಟಲ್ಲ. ಉತ್ತರ ಐರ್ಲೆಂಡಿನ ಅರ್ಧ ಜನ ತಮ್ಮನ್ನು ಬ್ರಿಟಿಷರೆಂದೇ ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದಲ್ಲೂ ಅಲ್ಲಿ ಕಡ್ಡಾಯ ಸೈನ್ಯ ಸೇರ್ಪಡೆ ತರಲು ಧೈರ್ಯ ಆಗಿರಲಿಲ್ಲ.

ಇನ್ನೊಂದು ಎಡವಟ್ಟು ಇದಕ್ಕಿಂತ ರುಚಿಯಾದದ್ದು. ಘೋಷಣೆಗೆ ಎರಡೇ ದಿನ ಮೊದಲು, ಮೇ 23ರಂದು, ರಕ್ಷಣಾ ಖಾತೆಯ ಸಚಿವ ಆಂಡ್ರೂ ಮರಿಸನ್ ಸಂಸತ್ತಿಗೆ ಲಿಖಿತ ಉತ್ತರ ಕೊಟ್ಟಿದ್ದರು. ಇಂಥ ಯೋಜನೆ ಸರ್ಕಾರದ ಮುಂದೆ ಇಲ್ಲ, ಮನಸ್ಸಿಲ್ಲದವರನ್ನು ವೃತ್ತಿಪರರ ಜೊತೆ ಸೇರಿಸಿದರೆ ಸೇನೆಯ ಸ್ಥೈರ್ಯ ಕುಗ್ಗಬಹುದು ಎಂದು. ಶನಿವಾರ ರಾತ್ರಿ ಹೊತ್ತಿಗೆ ಅದೇ ಪಕ್ಷದ ದೊಡ್ಡ ಭರವಸೆ ಅದೇ ಆಗಿತ್ತು.

ದುಡ್ಡು ಎಲ್ಲಿಂದ ತರ್ತಿದ್ರು?

ವರ್ಷಕ್ಕೆ 250 ಕೋಟಿ ಪೌಂಡ್ ಬೇಕಾಗುತ್ತದೆ ಎಂದು ಪಕ್ಷವೇ ಲೆಕ್ಕ ಕೊಟ್ಟಿತು. ಅದರಲ್ಲಿ 100 ಕೋಟಿ ತೆರಿಗೆ ಕಳ್ಳರನ್ನು ಹಿಡಿದು. ಎಲ್ಲ ದೇಶದ ಎಲ್ಲ ಪಕ್ಷಗಳೂ ಚುನಾವಣೆಯಲ್ಲಿ ಇದನ್ನೇ ಹೇಳುತ್ತವೆ, ಬಿಡಿ. ಉಳಿದ 150 ಕೋಟಿ ಬರಬೇಕಾಗಿದ್ದದ್ದು 'ಶೇರ್ಡ್ ಪ್ರಾಸ್ಪೆರಿಟಿ ಫಂಡ್' ಎಂಬ ನಿಧಿಯಿಂದ. ಬ್ರೆಕ್ಸಿಟ್ ಆದ ಮೇಲೆ ಯುರೋಪಿನಿಂದ ನಿಂತುಹೋದ ನೆರವಿಗೆ ಬದಲಾಗಿ ವೇಲ್ಸ್, ಕಾರ್ನ್‌ವಾಲ್, ಉತ್ತರ ಇಂಗ್ಲೆಂಡಿನಂಥ ಹಿಂದುಳಿದ ಪ್ರದೇಶಗಳಿಗೆಂದು ಇಟ್ಟ ಹಣ ಅದು. ಸ್ಥಳೀಯ ಸಂಸ್ಥೆಗಳು, ಕೌಶಲ ತರಬೇತಿಗಳು ಅದರ ಮೇಲೆ ನಿಂತಿದ್ದವು. ಅಂದರೆ ಸೇವೆ ಮಾಡಬೇಕಾದ ಸಂಸ್ಥೆಯ ಹಣ ತೆಗೆದು, ಅಲ್ಲಿಗೆ ಸೇವೆ ಮಾಡುವ ಹುಡುಗರನ್ನು ಕಳಿಸುವುದು.

ಸುನಕ್ ಸೋತಿದ್ದು ಇದರಿಂದಲೇ ಅಲ್ವಾ?

ಅಲ್ಲ. ಸೋಲು ಮೊದಲೇ ಬರೆದಾಗಿತ್ತು. ಹದಿನಾಲ್ಕು ವರ್ಷದ ಆಡಳಿತ, ಬೆಲೆ ಏರಿಕೆ, ಆಸ್ಪತ್ರೆಗಳ ಮುಂದಿನ ಸಾಲು, ಸುನಕ್‌ಗಿಂತ ಮೊದಲು ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರ 49 ದಿನಗಳ ಅವಾಂತರ, ಇವುಗಳ ಮುಂದೆ ಇದು ಚಿಲ್ಲರೆ. ಕನ್ಸರ್ವೇಟಿವ್ ಪಕ್ಷ 2019ರ 365 ಸ್ಥಾನಗಳಿಂದ 121ಕ್ಕೆ ಕುಸಿಯಿತು. ಆ ಪಕ್ಷದ ಚರಿತ್ರೆಯಲ್ಲೇ ಇಷ್ಟು ಕಡಿಮೆ ಬಂದದ್ದಿಲ್ಲ. ಲೇಬರ್‌ಗೆ 411.

ಪ್ರಚಾರದಲ್ಲಿ ಇದಕ್ಕಿಂತ ಆಳವಾಗಿ ಕುಯ್ದದ್ದು ಜೂನ್ 6ರ ಘಟನೆ. ಫ್ರಾನ್ಸಿನ ನಾರ್ಮಂಡಿಯಲ್ಲಿ, ಎರಡನೇ ಮಹಾಯುದ್ಧದ ಡಿ-ಡೇ ದಾಳಿಯ 80ನೇ ವರ್ಷದ ಸ್ಮರಣೆ. ನೂರರ ಆಸುಪಾಸಿನ ಹಳೆಯ ಯೋಧರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಸುನಕ್ ಅರ್ಧಕ್ಕೇ ಎದ್ದು ಟಿವಿ ಸಂದರ್ಶನಕ್ಕೆಂದು ವಾಪಸ್ ಬಂದರು. ಮರುದಿನ ಕ್ಷಮೆ ಕೇಳಿದರು. ಹುಡುಗರಿಗೆ ದೇಶಸೇವೆಯ ಪಾಠ ಹೇಳಿ ಎರಡು ವಾರ ಆಗಿರಲಿಲ್ಲ. ಈ ಯೋಜನೆಯನ್ನು ಮೆಚ್ಚಿದ್ದ ಮುದುಕರೇ ಅಂದು ಮುಖ ತಿರುಗಿಸಿದರು. ಆಮೇಲೆ ಚುನಾವಣೆಯ ದಿನಾಂಕದ ಮೇಲೆ ಪಕ್ಷದವರೇ ಬಾಜಿ ಕಟ್ಟಿದ ಹಗರಣ ಬೇರೆ.

## ಹಿಂದಿನ ಕಥೆ

ಅಲ್ಲಿ ಹಿಂದೆ ಎಲ್ಲರೂ ಮಿಲಿಟರಿಗೆ ಹೋಗ್ಲೇಬೇಕಿತ್ತಂತಲ್ಲ?

ಗಂಡಸರಿಗೆ ಇತ್ತು. ಯುದ್ಧ ಮುಗಿದ ಮೇಲೂ ಮುಂದುವರಿಸಲು 1948ರಲ್ಲಿ ಕಾನೂನು ಬಂತು, 1949ರ ಜನವರಿಯಿಂದ ಜಾರಿ. ಮೊದಲು 18 ತಿಂಗಳು, ಕೊರಿಯಾ ಯುದ್ಧ ಶುರುವಾದ ಮೇಲೆ 1950ರಲ್ಲಿ ಎರಡು ವರ್ಷ. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಹುಡುಗರು ಹೋಗಿಬಂದರು. ಕಲ್ಲಿದ್ದಲ ಗಣಿಯವರಿಗೆ, ಹೊಲದ ಕೆಲಸದವರಿಗೆ, ಹಡಗಿನವರಿಗೆ ವಿನಾಯಿತಿ ಇತ್ತು. ಭಾರತ ಕೈಬಿಟ್ಟಿತ್ತು, ಆದರೆ ಸಾಮ್ರಾಜ್ಯದ ಬಾಲ ಇನ್ನೂ ಉದ್ದವಿತ್ತು. ಮಲಯಾ, ಕೀನ್ಯಾ, ಸೈಪ್ರಸ್, ಸೂಯೆಜ್, ಎಲ್ಲ ಕಡೆ ಈ ಹುಡುಗರೇ. ಮೊದಲು ಭಾರತದ ಸೈನಿಕರು ಮಾಡುತ್ತಿದ್ದ ಕೆಲಸಕ್ಕೆ 1947ರ ನಂತರ ಬೇರೆ ಕೈ ಬೇಕಾಯಿತು ಎನ್ನುವುದನ್ನು ಇಲ್ಲಿನವರು ಅಷ್ಟಾಗಿ ಹೇಳುವುದಿಲ್ಲ. 1960ರ ಕೊನೆಯಲ್ಲಿ ಕರೆಯುವುದು ನಿಂತಿತು. ಕೊನೆಯವರು ಮನೆಗೆ ಬಂದದ್ದು 1963ರಲ್ಲಿ.

ಎರಡು ವರ್ಷ ಮಿಲಿಟರಿಗೆ ಹಾಕಿದ್ರೆ ಹುಡುಗರು ಸರಿ ಹೋಗ್ತಾರೆ, ನಮ್ಮ ಕಾಲದಲ್ಲಿ ಹಾಗಿತ್ತು ಅಂತ ಅಲ್ಲಿನ ಹಿರಿಯರೇ ಹೇಳ್ತಾರಲ್ಲ?

ಹೇಳುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. 1939ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಯಾರನ್ನೂ ಕರೆದಿಲ್ಲ. ಅಂದರೆ 2024ರಲ್ಲಿ ಆ ಸೇವೆ ಮಾಡಿ ಬದುಕಿದ್ದ ಅತಿ ಕಿರಿಯನಿಗೂ 84 ದಾಟಿತ್ತು. ಟಿವಿಯ ಮುಂದೆ "ನಮ್ಮ ಕಾಲದಲ್ಲಿ" ಎಂದ ಅರವತ್ತೆಂಟರ, ಎಪ್ಪತ್ತರ ಯಜಮಾನರು ಒಂದು ದಿನವೂ ಅದನ್ನು ಮಾಡಿದವರಲ್ಲ. ಅದನ್ನು ತಪ್ಪಿಸಿಕೊಂಡ ಮೊದಲ ತಲೆಮಾರು ಅವರದು. ಪುಕ್ಕಟೆ ಕಾಲೇಜು, ಉದ್ದ ಕೂದಲು, ಸುಲಭದ ಕೆಲಸ ಸಿಕ್ಕವರು.

ನಿಜವಾಗಿ ಮಾಡಿದ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ, 87ರ ಅಜ್ಜ. ಅವರನ್ನು ಕೇಳಿದೆ. ಬೇರೆ ಊರಿನ, ಬೇರೆ ವರ್ಗದ ಹುಡುಗರ ಜೊತೆ ಬದುಕಿದ್ದು ಒಳ್ಳೆಯದಾಯಿತು ಎಂದರು. ಓದಲು ಬಾರದವನಿಗೆ ಅವರೇ ಮನೆಯ ಕಾಗದ ಓದಿ ಹೇಳುತ್ತಿದ್ದರಂತೆ. ಆಮೇಲೆ ನಕ್ಕು, ಉಳಿದ ಹೊತ್ತೆಲ್ಲ ಆಲೂಗಡ್ಡೆ ಸುಲಿಯುವುದು, ಬೂಟು ಉಜ್ಜುವುದು, ದೊಡ್ಡ ಅಧಿಕಾರಿ ಬರುವ ದಿನ ಕಲ್ಲಿದ್ದಲಿಗೆ ಬಿಳಿ ಬಣ್ಣ ಹಚ್ಚುವುದು ಎಂದರು. ಮತ್ತೆ ತರಬೇಕಾ ಎಂದು ಕೇಳಿದ್ದಕ್ಕೆ, "ಯಾವ ಕೆಲಸಕ್ಕೆ?" ಎಂದು ವಾಪಸ್ ಕೇಳಿದರು.

## ಇನ್ನು ಸ್ವಲ್ಪ ಆಳಕ್ಕೆ

ಹುಡುಗರಿಗೆ ಇಷ್ಟ ಇಲ್ಲ ಅಂದ್ರೆ ವೋಟು ಹಾಕಿ ಸೋಲಿಸಬಹುದಲ್ಲ? ಇಷ್ಟೊಂದು ಕೂಗಾಟ ಯಾಕೆ?

ಈ ಪ್ರಶ್ನೆಯಲ್ಲೇ ಇಡೀ ವಿಷಯದ ಗಂಟು ಇದೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗುವ ಯೋಜನೆಗೆ ಸಿಕ್ಕುವವರು 2024ರ ಜುಲೈನಲ್ಲಿ ಹದಿನಾರು, ಹದಿನೇಳರವರು. ಅವರಿಗೆ ಮತವೇ ಇಲ್ಲ. ಮೆಚ್ಚಿದವರು ಮಾಡಬೇಕಾಗಿರಲಿಲ್ಲ, ಮಾಡಬೇಕಾದವರು ಬೇಡ ಅನ್ನಲು ಮತಗಟ್ಟೆಗೆ ಹೋಗುವಂತಿರಲಿಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಲ್ಲಿನ ಸಂಸತ್ತಿನ ಚುನಾವಣೆಗೆ 16ಕ್ಕೇ ಮತ ಇದೆ, ಆದರೆ ಇಡೀ ದೇಶದ ಚುನಾವಣೆಗೆ 18.

ಇನ್ನೊಂದು ಸಣ್ಣ ಸಂಗತಿ. ಗುರುತಿನ ಚೀಟಿ ಕಡ್ಡಾಯವಾಗಿದ್ದ ಮೊದಲ ಮಹಾಚುನಾವಣೆ ಇದು. ಫೋಟೋ ಇರುವ ಹಿರಿಯರ ಬಸ್ ಪಾಸ್ ತೋರಿಸಿದರೆ ನಡೆಯುತ್ತಿತ್ತು. ಯುವಕರ ರೈಲ್‌ಕಾರ್ಡ್ ನಡೆಯುತ್ತಿರಲಿಲ್ಲ. ಕಡ್ಡಾಯ ಸೇವೆ ಘೋಷಿಸಿದ ಎರಡು ಮೂರು ದಿನದಲ್ಲೇ ಪಿಂಚಣಿದಾರರಿಗೆ ತೆರಿಗೆ ರಿಯಾಯಿತಿಯ ಭರವಸೆಯೂ ಬಂತು. ಒಂದೊಂದನ್ನೂ ಬೇರೆ ಬೇರೆ ನೋಡಿದರೆ ಒಂದೊಂದು ಸಮರ್ಥನೆ ಇದೆ. ಒಟ್ಟಿಗೆ ಇಟ್ಟು ನೋಡಿದ ಹುಡುಗರಿಗೆ ಯಾರ ಮತಕ್ಕೆ ಗಾಳ ಹಾಕುತ್ತಿದ್ದಾರೆ ಎಂದು ತಿಳಿಯದೆ ಇರುತ್ತದೆಯೇ?

ಅಂದ ಹಾಗೆ, ಇಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳಿಗೆ ಮತ ಇದೆ. ಕಾಮನ್‌ವೆಲ್ತ್ ದೇಶದವರು ಎಂಬ ಲೆಕ್ಕದಲ್ಲಿ. ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ. ನನಗೆ ಮತ ಇತ್ತು, ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಇರಲಿಲ್ಲ.

ಸಂಬಳ ಇಲ್ಲದೆ ಕಡ್ಡಾಯ ದುಡಿಸೋದು ಕಾನೂನಿಗೆ ವಿರುದ್ಧ ಅಲ್ವಾ?

ಅಷ್ಟು ಸುಲಭ ಇಲ್ಲ. ಬ್ರಿಟನ್ ಒಪ್ಪಿರುವ ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 4ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಸೇನಾ ಸೇವೆಯನ್ನು, ಸಾಮಾನ್ಯ ನಾಗರಿಕ ಕರ್ತವ್ಯಗಳನ್ನು ಆ ಪಟ್ಟಿಯಿಂದ ಹೊರಗಿಡುತ್ತದೆ. ಇಡೀ ವಾದ ಕೊನೆಯ ಮಾತಿನ ಮೇಲೆ ನಿಲ್ಲುತ್ತಿತ್ತು. ನ್ಯಾಯಾಲಯದ ಜ್ಯೂರಿಯಲ್ಲಿ ಕೂರುವುದು ನಾಗರಿಕ ಕರ್ತವ್ಯ, ಸರಿ. ವರ್ಷಕ್ಕೆ 25 ದಿನ ವೃದ್ಧಾಶ್ರಮದಲ್ಲಿ ಚಹಾ ಕೊಡುವುದು? ಕೋರ್ಟಿನವರೆಗೆ ಹೋಗದೆ ಉಳಿದುಕೊಂಡಿತು.

ಬೇರೆ ದೇಶಗಳಲ್ಲಿ ನಡೀತಿದೆಯಲ್ಲ, ಇಲ್ಲಿ ಯಾಕೆ ನಡೆಯಲ್ಲ?

ನಡೆಯುವ ಕಡೆ ಅದಕ್ಕೊಂದು ಕಾರಣ ಕಣ್ಣಿಗೆ ಕಾಣುತ್ತದೆ. ಫಿನ್ಲೆಂಡಿಗೆ ರಷ್ಯಾದ ಜೊತೆ ಉದ್ದದ ಗಡಿ ಇದೆ. ದಕ್ಷಿಣ ಕೊರಿಯಾಕ್ಕೆ ಉತ್ತರ ಕೊರಿಯಾ ಇದೆ. ಸ್ವೀಡನ್ 2010ರಲ್ಲಿ ನಿಲ್ಲಿಸಿದ್ದನ್ನು 2017ರಲ್ಲಿ ಮತ್ತೆ ತಂದಿತು, ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ನುಂಗಿದ ಮೇಲೆ. ನಾರ್ವೆ, ಸ್ವೀಡನ್ ಎರಡರಲ್ಲೂ ಎಲ್ಲರನ್ನೂ ಕೇಳುತ್ತಾರೆ, ಕೆಲವರನ್ನೇ ಆರಿಸುತ್ತಾರೆ. ಆಯ್ಕೆಯಾಗುವುದೇ ಒಂದು ಮರ್ಯಾದೆ. ಸುನಕ್ ಬಾಯಲ್ಲಿ ಇದ್ದದ್ದು ಈ ಮಾದರಿ.

ಆದರೆ ಅವರ ಯೋಜನೆಗೆ ಹತ್ತಿರದ ನೆಂಟ ಫ್ರಾನ್ಸಿನದು. 2017ರಲ್ಲಿ ಅಲ್ಲಿನ ಅಧ್ಯಕ್ಷರಾದ ಮ್ಯಾಕ್ರಾನ್ ಕೂಡ ಚುನಾವಣಾ ಪ್ರಚಾರದಲ್ಲೇ ಎಲ್ಲ ಯುವಕರಿಗೂ ರಾಷ್ಟ್ರೀಯ ಸೇವೆ ಎಂದರು. 2019ರಲ್ಲಿ ಸಮವಸ್ತ್ರ, ಧ್ವಜವಂದನೆಯ ಶಿಬಿರಗಳು ಶುರುವಾದವು. ಎಲ್ಲರಿಗೂ ಕಡ್ಡಾಯ ಆಗುವ ದಿನ ಬರಲೇ ಇಲ್ಲ. ಕೊನೆಗೆ 2025ರ ನವೆಂಬರ್‌ನಲ್ಲಿ ಅವರೇ ಬೇರೊಂದು ದಾರಿ ಹಿಡಿದರು, ಇಷ್ಟ ಇದ್ದವರಿಗೆ ಸಂಬಳದ ಹತ್ತು ತಿಂಗಳ ಸೇನಾ ಸೇವೆ.

ಸ್ವಿಟ್ಜರ್ಲೆಂಡಿನಲ್ಲಂತೂ ಜನರನ್ನೇ ಕೇಳಿದರು. ಈಗ ಗಂಡಸರಿಗಷ್ಟೇ ಇರುವ ಕಡ್ಡಾಯವನ್ನು ಹೆಂಗಸರಿಗೂ ತಂದು, ಸೇನೆ ಅಥವಾ ಸಮಾಜಸೇವೆ ಎಂದು ಮಾಡೋಣವೇ ಎಂದು. 2025ರ ನವೆಂಬರ್ 30ರ ಮತದಾನದಲ್ಲಿ ಶೇಕಡಾ 84ರಷ್ಟು ಜನ ಬೇಡ ಎಂದರು. ಆಸ್ಟ್ರಿಯಾದವರು 2013ರಲ್ಲಿ ಉಲ್ಟಾ ಹೇಳಿದ್ದರು, ಕಡ್ಡಾಯ ಇರಲಿ ಎಂದು. ಅದಕ್ಕೆ ದೊಡ್ಡ ಕಾರಣ ಸೇನೆಯ ಮೇಲಿನ ಪ್ರೀತಿಗಿಂತ ಆಂಬುಲೆನ್ಸ್ ಮತ್ತು ವೃದ್ಧಾಶ್ರಮಗಳು. ಸೇನೆ ಬೇಡ ಎಂದ ಹುಡುಗರು ಅಲ್ಲಿ ದುಡಿಯುತ್ತಾರೆ, ಅವರಿಲ್ಲದೆ ಆ ಸೇವೆ ನಡೆಯುವುದು ಕಷ್ಟ.

ನಮ್ಮಲ್ಲಿ ತಂದ್ರೆ ಹೇಗೆ? ನಮ್ಮ ಹುಡುಗರಿಗೂ ಶಿಸ್ತು ಬೇಕು.

ಭಾವ ಪ್ರತಿ ಸಲ ಕೇಳುವ ಪ್ರಶ್ನೆ ಇದು. ನಮ್ಮಲ್ಲಿ ಒಂದು ಸಲ ಆಗಿದೆ ಎನ್ನುವುದು ಹಲವರಿಗೆ ಮರೆತಿದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಐಚ್ಛಿಕ ಮಾಡಿದರು. ಆಗ ಓದುತ್ತಿದ್ದವರು ಈಗ ಎಂಬತ್ತರ ಹತ್ತಿರ ಇದ್ದಾರೆ, ಸಿಕ್ಕಿದರೆ ಕೇಳಿ ನೋಡಿ. ದಪ್ಪ ಖಾಕಿ, ಬಿಸಿಲಿನ ಪರೇಡ್, ಹಾಜರಿ ತಪ್ಪಿಸಿಕೊಳ್ಳುವ ಉಪಾಯಗಳು, ಎಲ್ಲ ಹೇಳುತ್ತಾರೆ.

ಸಂವಿಧಾನ ಅಡ್ಡ ಬರುವುದಿಲ್ಲ. 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ, ಆದರೆ ಅದೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಭೇದ ಮಾಡಬಾರದು ಅಷ್ಟೇ. ಕರ್ನಾಟಕದಲ್ಲಿ ವೈದ್ಯಕೀಯ ಓದಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕು ಎಂದು 2012ರಲ್ಲಿ ತಂದ ಕಾನೂನು ನಿಮಗೆ ಗೊತ್ತೇ ಇದೆ. ಅದು ಜಾರಿಗೆ ಬರುವಷ್ಟರಲ್ಲಿ ವರ್ಷಗಟ್ಟಲೆ ಕೋರ್ಟು ಸುತ್ತಿತು. ಒಂದೇ ಓದಿನವರಿಗೆ, ಒಂದೇ ರಾಜ್ಯದಲ್ಲಿ ಇಷ್ಟು ಕಷ್ಟ ಆದರೆ, ಕೋಟಿಗಟ್ಟಲೆ ಹುಡುಗರಿಗೆ ಹೇಗೆ? ಜೊತೆಗೆ ನಮ್ಮ ಸಮಸ್ಯೆಯೇ ತಿರುವುಮುರುವು. ಬ್ರಿಟನ್ನಿನಲ್ಲಿ ಸೇನೆಗೆ ಜನ ಸಿಗುತ್ತಿಲ್ಲ. ನಮ್ಮಲ್ಲಿ 2022ರಲ್ಲಿ ಅಗ್ನಿಪಥ ಬಂದಾಗ ಹುಡುಗರು ಬೀದಿಗೆ ಬಂದದ್ದು ನಾಲ್ಕೇ ವರ್ಷ ಸಾಲದು, ಪೂರ್ತಿ ಕೆಲಸ ಕೊಡಿ ಎಂದು.

ಒತ್ತಾಯದಿಂದಾದ್ರೂ ಒಳ್ಳೇ ಕೆಲಸ ಆದ್ರೆ ತಪ್ಪೇನು? ಮುದುಕರಿಗೆ ಸಹಾಯ ಆಗುತ್ತಲ್ಲ.

ನಾನೂ ಒಮ್ಮೆ ಹೀಗೇ ಯೋಚಿಸಿದ್ದೆ. ನಮ್ಮ ಊರಿನ ಒಂದು ಸಂಸ್ಥೆಯಲ್ಲಿ ಒಂಟಿ ಹಿರಿಯರಿಗೆ ಊಟ ಮುಟ್ಟಿಸುವ ಕೆಲಸಕ್ಕೆ ಶನಿವಾರ ಹೋಗುತ್ತೇನೆ. ಅಲ್ಲಿ ಹೊಸಬರೊಬ್ಬರು ಬಂದರೆ ಮೊದಲು ಅಪರಾಧ ದಾಖಲೆಯ ತಪಾಸಣೆ, ಆಮೇಲೆ ತರಬೇತಿ, ಆಮೇಲೆ ಹಳಬರ ಜೊತೆ ಒಂದಷ್ಟು ವಾರ. ಒಬ್ಬ ಅಜ್ಜಿ ಬಾಗಿಲು ತೆಗೆದು ಒಳಗೆ ಕರೆಯುವುದಕ್ಕೆ ತಿಂಗಳುಗಳು ಬೇಕು. ವರ್ಷಕ್ಕೆ 25 ದಿನ ಬಂದು, ಮರುವರ್ಷ ಕಾಣದವರಿಂದ ಕೆಲಸ ಇಳಿಯುವುದಿಲ್ಲ, ಏರುತ್ತದೆ. ಅಂಥ ಲಕ್ಷಗಟ್ಟಲೆ ಹುಡುಗರಿಗೆ ಮೇಲ್ವಿಚಾರಣೆ ಯಾರದು?

ಹಾಗೆಂದು ಯೋಜನೆಯ ಮೂಲದ ಆಸೆಯನ್ನು ತಳ್ಳಿಹಾಕಲಾರೆ. ಶ್ರೀಮಂತರ ಶಾಲೆಯ ಹುಡುಗ, ಗಣಿ ಮುಚ್ಚಿದ ಊರಿನ ಹುಡುಗಿ, ನಮ್ಮಂಥ ವಲಸೆಯವರ ಮಕ್ಕಳು ಒಂದೇ ಕಡೆ ಸೇರುವ ಜಾಗ ಈ ದೇಶದಲ್ಲಿ ಕಡಿಮೆ. ಬೀದಿಯ ಅಜ್ಜ ಕಾಗದ ಓದಿ ಹೇಳಿದ್ದು ಅಂಥ ಒಂದು ಜಾಗದಲ್ಲೇ ಅಲ್ವಾ. ಆದರೆ ತಿಂಗಳಿಗೊಂದು ವಾರಾಂತ್ಯ ಅವರವರ ಊರಿನಲ್ಲೇ ಮಾಡಿದರೆ ಅದೂ ಆಗುವುದಿಲ್ಲ.

ಆಮೇಲೆ ಏನಾಯ್ತು? ಪೂರ್ತಿ ಮರೆತುಹೋದ್ರಾ?

ಹೆಸರು ಮರೆತರು, ವಿಷಯ ಹೋಗಿಲ್ಲ. ಹದಿನಾರು ಹದಿನೇಳರವರಿಗೆ ಇಷ್ಟಪಟ್ಟು ಸೇರುವ 'ನ್ಯಾಷನಲ್ ಸಿಟಿಜನ್ ಸರ್ವಿಸ್' ಎಂಬ ಕಾರ್ಯಕ್ರಮ ಹಿಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಕಾಲದಿಂದ ನಡೆಯುತ್ತಿತ್ತು. ಹೊಸ ಲೇಬರ್ ಸರ್ಕಾರ 2025ರ ಮಾರ್ಚ್‌ನಲ್ಲಿ ಅದನ್ನೂ ಮುಚ್ಚಿತು. ಅದೇ ವರ್ಷದ ಕೊನೆಗೆ, 25ರ ಒಳಗಿನವರಿಗೆ ಸಂಬಳ ಕೊಟ್ಟು ಸೇನೆಯ ಅನುಭವ ಕೊಡುವ ಸಣ್ಣ ಯೋಜನೆ ಘೋಷಿಸಿತು. ಮೊದಲ ತಂಡಕ್ಕೆ ಸುಮಾರು 150 ಮಂದಿ, ಎಲ್ಲ ಅವರವರ ಇಷ್ಟ. ಮೂವತ್ತು ಸಾವಿರ ಎಲ್ಲಿ, ನೂರೈವತ್ತು ಎಲ್ಲಿ!

ಹುಡುಗರಿಗೆ ಮುಖ್ಯವಾದ ಬದಲಾವಣೆ ಬೇರೆ. ಮುಂದಿನ ಮಹಾಚುನಾವಣೆಯಿಂದ 16ಕ್ಕೇ ಮತ ಕೊಡುತ್ತೇವೆ ಎಂದು ಸರ್ಕಾರ 2025ರ ಜುಲೈನಲ್ಲಿ ಹೇಳಿತು. ಮಗಳಿಗೆ ಹೇಳಿದೆ. "ನನಗೆ ಆಗಲೇ ಹದಿನೆಂಟು ಆಗಿದೆಯಲ್ಲ ಅಪ್ಪ" ಎಂದು ಕಾಫಿ ಅಂಗಡಿಯ ಏಪ್ರನ್ ಚೀಲಕ್ಕೆ ತುರುಕಿಕೊಂಡು ಹೊರಟಳು. ಅವತ್ತು ಶನಿವಾರ.